ಶುಂಠಿ, ಅರಿಶಿನದ ಗೆಡ್ಡೆ ಕೊಳೆ: ಯಾವ ಕೊಳೆಗೆ ಯಾವ ದಾರಿ?

ಹಾಸನ ಜಿಲ್ಲೆಯ ಆಲೂರು ಕಡೆ ಆಷಾಢದಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದರೆ, ಶುಂಠಿ ಹಾಕಿದವರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಬೆಳಗ್ಗೆ ಎದ್ದು ಕಾಫಿಗೂ ಮೊದಲು ಹೊಲಕ್ಕೆ ಹೋಗುತ್ತೇವೆ. ನಿನ್ನೆ ಹಸಿರಾಗಿದ್ದ ಮಡಿಯಲ್ಲಿ ಇವತ್ತು ನಾಲ್ಕು ಗಿಡ ಹಳದಿ. ಅಲ್ಲಿಂದ ಫೋನ್ ಶುರು. ಒಬ್ಬರು 'ಕಾಪರ್ ಔಷಧಿ ಹುಯ್ಯಿ' ಅನ್ನುತ್ತಾರೆ. ಇನ್ನೊಬ್ಬರು 'ಟ್ರೈಕೋಡರ್ಮಾ ಬಿಡು, ವಿಷ ಬೇಡ' ಅನ್ನುತ್ತಾರೆ, ಅದು ರೋಗ ತಡೆಯುವ ಒಳ್ಳೆಯ ಶಿಲೀಂಧ್ರ. ಮತ್ತೊಬ್ಬರು 'ಮೆಟಾಲಾಕ್ಸಿಲ್ ಔಷಧಿ ಇಲ್ಲದೆ ನಿಲ್ಲಲ್ಲ' ಅನ್ನುತ್ತಾರೆ. 'ಸುಮ್ನೆ ಕಿತ್ತು ಮಾರಿಬಿಡು' ಅನ್ನುವವರೂ ಇರುತ್ತಾರೆ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಹೊಲದಲ್ಲಿ ಅದು ಕೆಲಸ ಮಾಡಿರುತ್ತದೆ. ಆದರೆ ನಿಮ್ಮ ಹೊಲದಲ್ಲಿ ಗೆಡ್ಡೆ ಕೊಳೆಸುತ್ತಿರುವ ಜೀವಿ ಬೇರೆಯಾಗಿದ್ದರೆ ಅವರ ಮದ್ದು ನಿಮಗೆ ದಂಡ.

ನಾನು ಇದನ್ನು ಕಲಿತದ್ದು ಒಂದು ಎಕರೆ ಕಳೆದುಕೊಂಡ ಮೇಲೆ. ಗುತ್ತಿಗೆಗೆ ಹಿಡಿದ ಜಮೀನು ಅದು. ಮಣ್ಣು ಒಳ್ಳೆಯ ಕೆಂಪು, ನೀರೂ ಇತ್ತು. ಜುಲೈನಲ್ಲಿ ಗಿಡ ಬಾಡಲು ಶುರುವಾದಾಗ ಔಷಧಿ ಅಂಗಡಿಯಲ್ಲಿ ಕೊಟ್ಟ ಪುಡಿ ತಂದು ಬುಡಕ್ಕೆ ಹುಯ್ದೆ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ಆಮೇಲೆ ಮೂರನೇ ಸಲ. ಗೌರಿ ಹಬ್ಬದ ಹೊತ್ತಿಗೆ ಅರ್ಧ ಮಡಿ ಖಾಲಿ. ಆಗ ಚಿಕ್ಕಪ್ಪ ಬಂದು ಒಂದು ಗಾಜಿನ ಲೋಟ ಕೇಳಿದರು. ಒಂದು ಬಾಡಿದ ಕಾಂಡ ಕತ್ತರಿಸಿ ನೀರಲ್ಲಿ ಹಿಡಿದರು. ಎರಡು ನಿಮಿಷದಲ್ಲಿ ವಿಷಯ ಗೊತ್ತಾಯಿತು. ನಾನು ಹುಯ್ದ ಔಷಧಿಗೂ ಆ ರೋಗಕ್ಕೂ ಸಂಬಂಧವೇ ಇರಲಿಲ್ಲ.

ಅದಕ್ಕೇ ಈ ಬರಹದಲ್ಲಿ ಔಷಧಿಯ ಮಾತು ಆಮೇಲೆ ಬರುತ್ತದೆ. ಮೊದಲು ಲೋಟ.

ನೋಡಲು ಒಂದೇ, ಒಳಗೆ ಬೇರೆ ಬೇರೆ

ನಾವೆಲ್ಲ 'ಕೊಳೆ ರೋಗ' ಅಂತ ಒಂದೇ ಹೆಸರು ಹಿಡಿದು ಕರೆಯುತ್ತೇವೆ. ಆದರೆ ಹಾಸನ, ಚಿಕ್ಕಮಗಳೂರಿನ ಶುಂಠಿ ಹೊಲಗಳಲ್ಲಿ ಕನಿಷ್ಠ ಮೂರು ಬೇರೆ ಕಾಯಿಲೆಗಳು ಈ ಹೆಸರಿನಡಿ ಅಡಗಿವೆ.

ಒಂದು, ಮೆತು ಕೊಳೆ. ಇದನ್ನು ಮಾಡುವುದು ಪಿಥಿಯಂ. ಶಿಲೀಂಧ್ರದ ಹಾಗೆ ಕಂಡರೂ ಇದು ನೀರಿನ ಜಾತಿಯದು. ಇದರ ಬೀಜಕಣಗಳಿಗೆ ಬಾಲ ಇರುತ್ತದೆ. ಮಣ್ಣಿನ ಸಂದಿಯ ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತವೆ. ನೀರು ನಿಂತ ಕಡೆಯೇ ಇದು ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ವಾ? ಅರಿಶಿನದಲ್ಲಿ ಬರುವ ಗೆಡ್ಡೆ ಕೊಳೆಯೂ ಮುಖ್ಯವಾಗಿ ಇದರದೇ ಕೆಲಸ.

ಇದರ ಗುರುತು ಹೀಗೆ. ಕೆಳಗಿನ ಎಲೆಯ ತುದಿ ಹಳದಿಯಾಗುತ್ತದೆ, ಹಳದಿ ಅಂಚು ಹಿಡಿದು ಕೆಳಗಿಳಿಯುತ್ತದೆ. ಮಣ್ಣಿಗೆ ತಾಗುವ ಕಡೆ ಕಾಂಡ ನೀರು ಕುಡಿದ ಹಾಗೆ ಕಂದಾಗಿ ಮೆತ್ತಗಾಗುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಏನೂ ಬಲ ಹಾಕದೆ ಕೈಗೆ ಬರುತ್ತದೆ. ಬುಡ ಮೂಗಿನ ಹತ್ತಿರ ತಂದರೆ ಹೊಟ್ಟೆ ತೊಳಸುವಂಥ ವಾಸನೆ. ಗೆಡ್ಡೆ ಅಗೆದು ನೋಡಿದರೆ ಸಿಪ್ಪೆ ಹಾಗೇ ಇರುತ್ತದೆ, ಒತ್ತಿದರೆ ಒಳಗೆ ಕೊಚ್ಚೆ. ಅರಿಶಿನದಲ್ಲಾದರೆ ಗೆಡ್ಡೆಯ ಒಳಗಿನ ಕಿತ್ತಳೆ ಬಣ್ಣ ಹೋಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಎರಡು, ದುಂಡಾಣು ಸೊರಗು ರೋಗ. ಇದು ರಾಲ್ಸ್ಟೋನಿಯಾ ಎನ್ನುವ ಬ್ಯಾಕ್ಟೀರಿಯಾದ್ದು. ನನ್ನ ಹೊಲ ತಿಂದದ್ದು ಇದೇ. ಇಲ್ಲಿ ಗಿಡ ಮೊದಲು ಹಳದಿಯಾಗುವುದಿಲ್ಲ. ಹಸಿರು ಇರುವಾಗಲೇ ಎಲೆ ಸುರುಳಿ ಸುತ್ತಿಕೊಂಡು ಜೋಲು ಬೀಳುತ್ತದೆ. ಮಧ್ಯಾಹ್ನ ಬಿಸಿಲಿಗೆ ನೀರಡಿಕೆಯಾದ ಗಿಡದ ಹಾಗೆ ಕಾಣುತ್ತದೆ. ಬುಡದಲ್ಲಿ ನೋಡಿದರೆ ಮಣ್ಣು ಒದ್ದೆ. ಹಳದಿ, ಕಂಚಿನ ಬಣ್ಣ ಆಮೇಲೆ ಬರುತ್ತದೆ. ಗೆಡ್ಡೆ ಮುರಿದು ಒತ್ತಿದರೆ ಹಾಲಿನಂಥ ಅಂಟು ದ್ರವ ಹನಿಯುತ್ತದೆ. ಒಂದು ಗಿಡಕ್ಕೆ ಬಂದರೆ ಕೆಲವೇ ದಿನದಲ್ಲಿ ಸುತ್ತಲಿನ ಗಿಡ, ಆಮೇಲೆ ನೀರು ಹರಿಯುವ ದಿಕ್ಕಿನ ಮಡಿ.

ಲೋಟದ ಪರೀಕ್ಷೆ ಇದಕ್ಕೇ. ಈಗತಾನೇ ಬಾಡುತ್ತಿರುವ ಗಿಡದ ಬುಡದಿಂದ ಎರಡು ಇಂಚಿನ ತುಂಡು ಚೂಪಾದ ಚಾಕುವಿನಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ. ಕತ್ತರಿಸಿದ ಬಾಯಿ ನೀರಿಗೆ ಮುಟ್ಟುವ ಹಾಗೆ ತುಂಡನ್ನು ಅಲುಗಾಡಿಸದೆ ಹಿಡಿಯಿರಿ. ಲೋಟದ ಹಿಂದೆ ಕಪ್ಪು ಬಟ್ಟೆಯೋ ಛತ್ರಿಯೋ ಇದ್ದರೆ ಒಳ್ಳೆಯದು. ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ನಿಮಿಷದಲ್ಲಿ ಬಿಳಿ ನೂಲಿನ ಹಾಗೆ ಒಂದು ಎಳೆ ಕೆಳಗಿಳಿಯುತ್ತದೆ. ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟರೆ ನೀರೆಲ್ಲ ಮಸುಕಾಗುತ್ತದೆ. ಮೆತು ಕೊಳೆಯಾದರೆ ಈ ಎಳೆ ಬರುವುದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದೇ ಗಿಡ ನೋಡಿ ತೀರ್ಮಾನ ಮಾಡಬೇಡಿ, ಬೇರೆ ಬೇರೆ ಮಡಿಯಿಂದ ನಾಲ್ಕೈದು ಗಿಡ ನೋಡಿ. ಒಂದೇ ಹೊಲದಲ್ಲಿ ಎರಡೂ ರೋಗ ಇರುವುದುಂಟು.

ಮೂರು, ಹಳದಿ ರೋಗ ಅಥವಾ ಒಣ ಕೊಳೆ. ಇದು ಫ್ಯುಸೇರಿಯಂ ಶಿಲೀಂಧ್ರದ್ದು. ಇದು ನಿಧಾನ. ಗಿಡ ಕುಳ್ಳಾಗುತ್ತದೆ, ಕೆಳಗಿನ ಎಲೆಯ ಅಂಚಿನಿಂದ ಹಳದಿ ಹತ್ತುತ್ತದೆ, ಆದರೆ ಎಳೆದರೆ ಸುಲಭವಾಗಿ ಕಿತ್ತು ಬರುವುದಿಲ್ಲ. ಗೆಡ್ಡೆ ಕತ್ತರಿಸಿದರೆ ಒಳಗೆ ಕಂದು ಗೆರೆ, ವಾಸನೆ ಇರುವುದಿಲ್ಲ. ಬೇರಿನಲ್ಲಿ ಜಂತುಹುಳು (ನೆಮಟೋಡ್) ಸೇರಿಕೊಂಡಿದ್ದರೆ ಇದು ಇನ್ನೂ ಜೋರು. ಬೇರು ತೊಳೆದು ನೋಡಿ, ಸಣ್ಣ ಗಂಟುಗಳಿದ್ದರೆ ಜಂತು ಇದೆ ಅಂತ ಅರ್ಥ.

ಇನ್ನೊಂದು ಮೋಸ ಇದೆ. ಕಾಂಡ ಕೊರಕ ಹುಳು ಬಿದ್ದರೂ ಸುಳಿ ಹಳದಿಯಾಗಿ ಒಣಗುತ್ತದೆ. ಕಾಂಡದ ಮೇಲೆ ತೂತು, ತೂತಿನ ಬಾಯಲ್ಲಿ ಹುಳುವಿನ ಹಿಕ್ಕೆ ಕಂಡರೆ ಅದು ಕೊಳೆಯೇ ಅಲ್ಲ. ಅಂಥ ಗಿಡಕ್ಕೆ ಕೊಳೆ ಔಷಧಿ ಹುಯ್ದು ಹಣ ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಯಾವ ಜಮೀನು: ಆಲೂಗಡ್ಡೆ ಹೊಲವೋ, ಗದ್ದೆಯೋ?

ಈ ರೋಗಗಳ ಅರ್ಧಕ್ಕಿಂತ ಜಾಸ್ತಿ ತೀರ್ಮಾನ ನಾಟಿಗೆ ಮೊದಲೇ ಆಗಿಹೋಗಿರುತ್ತದೆ. ಅದರಲ್ಲೂ ಜಮೀನಿನ ಆಯ್ಕೆಯೇ ದೊಡ್ಡದು. ಗುತ್ತಿಗೆಗೆ ಹಿಡಿಯುವವರು ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಹಾಸನ ಅಂದರೆ ಆಲೂಗಡ್ಡೆ. ಅಂಗಮಾರಿ ರೋಗದಿಂದ ಸೋತು ಆಲೂಗಡ್ಡೆ ಬಿಟ್ಟ ಎಷ್ಟೋ ಹೊಲಗಳು ಇವತ್ತು ಶುಂಠಿ ಹೊಲಗಳು. ಆದರೆ ಶುಂಠಿಯನ್ನು ಸೊರಗಿಸುವ ಈ ಬ್ಯಾಕ್ಟೀರಿಯಾದ ಬಳಗವೇ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲವನ್ನೂ ಹಿಡಿಯುತ್ತದೆ. ಈ ಬೆಳೆಗಳು ಸೊರಗಿದ ಹೊಲದಲ್ಲಿ ಶುಂಠಿ ಹಾಕುವುದು ಗೊತ್ತಿದ್ದೂ ಹೊಂಡಕ್ಕೆ ಬಿದ್ದ ಹಾಗೆ. ನಾನು ಹಿಡಿದ ಜಮೀನಿನಲ್ಲಿ ಅದಕ್ಕೆ ಮೊದಲು ಎರಡು ವರ್ಷ ಆಲೂಗಡ್ಡೆ, ಒಂದು ವರ್ಷ ಟೊಮೆಟೊ ಇತ್ತು. ನಾನು ಕೇಳಲಿಲ್ಲ. ಕೇಳಬೇಕು ಅಂತ ಗೊತ್ತೂ ಇರಲಿಲ್ಲ.

ಈಗ ಜಮೀನು ನೋಡಲು ಹೋದರೆ ಮಾಲೀಕರನ್ನು ಒಂದೇ ಕೇಳುತ್ತೇನೆ: ಹಿಂದಿನ ಮೂರು ವರ್ಷ ಏನೇನು ಬೆಳೆದಿರಿ? ರಾಗಿ, ಜೋಳ, ಭತ್ತ ಅಂದರೆ ಮುಂದಿನ ಮಾತು. ಶುಂಠಿ ಅಥವಾ ಅರಿಶಿನ ಅಂದರೆ ವಾಪಸ್. ಪಿಥಿಯಂನ ದಪ್ಪ ಗೋಡೆಯ ಬೀಜಕಣಗಳು ಬೆಳೆ ಇಲ್ಲದಿದ್ದರೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಪಕ್ಕದ ಮನೆಯವರನ್ನೂ ಕೇಳಿ. ಗುತ್ತಿಗೆ ಕೊಡುವವರು ಮರೆಯುವುದನ್ನು ಅವರು ನೆನಪಿಟ್ಟಿರುತ್ತಾರೆ.

ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಗದ್ದೆಯಲ್ಲಿ ಶುಂಠಿ ಹಾಕುತ್ತಾರೆ. ಇದರಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಭತ್ತಕ್ಕೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಸೊರಗು ಬ್ಯಾಕ್ಟೀರಿಯಾ ಕಡಿಮೆ. ಆದರೆ ಅದೇ ಗದ್ದೆಯ ಅಡಿಯಲ್ಲಿ ಉಳುಮೆಯಿಂದ ಗಟ್ಟಿ ಪದರ ಕೂತಿರುತ್ತದೆ, ಮಳೆ ನೀರು ಇಳಿಯುವುದಿಲ್ಲ. ಅಲ್ಲಿ ಮೆತು ಕೊಳೆಗೆ ಹಬ್ಬ. ಗದ್ದೆ ಹಿಡಿದರೆ ಸುತ್ತಲೂ ಮತ್ತು ನಡುನಡುವೆ ಎರಡು ಅಡಿಯ ಬಸಿಗಾಲುವೆ ತೆಗೆಯುವ ಖರ್ಚನ್ನು ಗುತ್ತಿಗೆ ಹಣದ ಜೊತೆಗೇ ಲೆಕ್ಕ ಹಾಕಿ. ಆ ಖರ್ಚು ಆಗಲ್ಲ ಅಂದರೆ ಗದ್ದೆ ಬೇಡ.

ನನ್ನ ಆಯ್ಕೆ ಕೇಳಿದರೆ: ಸ್ವಲ್ಪ ಇಳಿಜಾರಿನ, ರಾಗಿ ಅಥವಾ ಜೋಳ ಬೆಳೆದ ಹೊಲ ಮೊದಲು. ಕಾಲುವೆ ತೆಗೆದ ಗದ್ದೆ ಎರಡನೆಯದು. ಆಲೂಗಡ್ಡೆ ಹೊಲ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಮಡಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಒಂದು ಮೀಟರ್ ಅಗಲ, ಕನಿಷ್ಠ ಒಂದು ಅಡಿ ಎತ್ತರ, ಮಡಿಗಳ ನಡುವೆ ಒಂದೂವರೆ ಅಡಿ ಜಾಗ. ಮಲೆನಾಡಿನ ಮಣ್ಣು ಹುಳಿ ಇರುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಸುಣ್ಣ ಹಾಕಿ.

ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಮಣ್ಣು ಕಾಯಿಸುವ ಪದ್ಧತಿಯೂ ಇದೆ. ಮಡಿ ಮಾಡಿ, ನೀರು ಹಾಯಿಸಿ, ಪಾರದರ್ಶಕ ಹಾಳೆ ಹಾಸಿ ಅಂಚಿಗೆ ಮಣ್ಣು ಒತ್ತಿ 40ರಿಂದ 45 ದಿನ ಬಿಡಬೇಕು. ಹಾಳೆ ಕಪ್ಪಾಗಿರಬಾರದು. ಅರಸೀಕೆರೆ, ಕಡೂರಿನ ಬಿಸಿಲಿಗೆ ಇದು ಚೆನ್ನಾಗಿ ನಡೆಯುತ್ತದೆ. ಸಕಲೇಶಪುರದಲ್ಲಿ ಏಪ್ರಿಲ್‌ನಲ್ಲೇ ಮೋಡ ಕಟ್ಟಿ ಮಳೆ ಬಂದರೆ ಹಾಳೆಯ ದುಡ್ಡು ದಂಡ. ಎಕರೆಗಟ್ಟಲೆಗೆ ನಾನು ಹೇಳುವುದಿಲ್ಲ. ಬಿತ್ತನೆಗೆ ಅಂತಲೇ ಬೆಳೆಯುವ ಹತ್ತು ಮಡಿಗೆ ಮಾಡಿ, ಅದು ಲಾಭ.

ಬೀಜ: ಮನೆಯದೋ, ಕೊಂಡದ್ದೋ?

ಎಕರೆಗೆ 600ರಿಂದ 700 ಕಿಲೋ ಬಿತ್ತನೆ ಶುಂಠಿ ಬೇಕು. ನಮ್ಮ ಲೆಕ್ಕದಲ್ಲಿ 60 ಕಿಲೋದ ಹತ್ತು ಹನ್ನೆರಡು ಮೂಟೆ. ಇಷ್ಟೂ ಮೂಟೆಯಲ್ಲಿ ರೋಗ ಹತ್ತಿದ ಗೆಡ್ಡೆ ನಾಲ್ಕೇ ಇದ್ದರೂ ಸಾಕು. ಸೊರಗು ಬ್ಯಾಕ್ಟೀರಿಯಾ ಗೆಡ್ಡೆಯ ಒಳಗೆ ಹೊರಗಿಂದ ಏನೂ ಕಾಣದ ಹಾಗೆ ಕೂತಿರುತ್ತದೆ. ಅದಕ್ಕೇ ಮೂಟೆ ಬಿಚ್ಚಿ ಬೀಜ ನೋಡಿದರೆ ಸಾಲದು. ಬೀಜ ಬೆಳೆದ ಹೊಲವನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಗಿಡ ಹಸಿರಿರುವಾಗ ನೋಡಬೇಕು. ಒಂದು ಕಡೆಯೂ ಖಾಲಿ ಮಡಿ ಇಲ್ಲದ ಹೊಲ ಸಿಕ್ಕರೆ ಆಗಲೇ ಮುಂಗಡ ಕೊಟ್ಟು ಮಾತಾಡಿಕೊಳ್ಳಿ. ಜನವರಿಯಲ್ಲಿ ಮಂಡಿಯಲ್ಲಿ ನಿಂತು ಕೊಂಡ ಬೀಜದ ಊರು ಯಾವುದು ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ಮನೆ ಬೀಜ ಒಳ್ಳೆಯದು, ಆದರೆ ರೋಗ ಬಂದ ಹೊಲದ 'ಚೆನ್ನಾಗಿರುವ ಭಾಗ' ಆರಿಸಿ ಇಡುವ ಅಭ್ಯಾಸ ಬಿಡಬೇಕು. ಆಸೆ ಆಗುತ್ತದೆ, ನನಗೂ ಆಗಿತ್ತು. ಒಂದು ಮೂಲೆಯಲ್ಲಿ ಸೊರಗು ಬಂದಿದ್ದರೆ ಆ ಹೊಲದ್ದನ್ನೆಲ್ಲ ಅಡುಗೆಗೆ ಮಾರಿ. ಬೀಜಕ್ಕೆ ಬೇಡವೇ ಬೇಡ.

ಬೀಜೋಪಚಾರದಲ್ಲಿ ಮೂರು ದಾರಿ ಇದೆ. ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಪುಡಿ ಲೀಟರಿಗೆ 3 ಗ್ರಾಂ ಕರಗಿಸಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸುವುದು ಒಂದು. ಬೀಜ ಎತ್ತಿಡುವಾಗ ಒಮ್ಮೆ, ನಾಟಿಗೆ ಮೊದಲು ಇನ್ನೊಮ್ಮೆ. ಮೆತು ಕೊಳೆ, ಒಣ ಕೊಳೆಗೆ ಇದು ಚೆನ್ನಾಗಿ ಸಹಾಯ ಮಾಡುತ್ತದೆ. ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ. ಎರಡನೆಯದು ಟ್ರೈಕೋಡರ್ಮಾ ಅಥವಾ ಸುಡೋಮೊನಾಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದುವುದು. ಬೀಜದ ಮೂಲ ನಿಮಗೆ ಚೆನ್ನಾಗಿ ಗೊತ್ತಿದ್ದರೆ ಇದೇ ಸಾಕು. ಮೂರನೆಯದು ಬಿಸಿ ನೀರು: 50 ಡಿಗ್ರಿಯಲ್ಲಿ 10 ನಿಮಿಷ. ಇದು ಜಂತುಹುಳುವಿಗೆ. ಥರ್ಮಾಮೀಟರ್ ಇಲ್ಲದೆ, ಕೈ ಅದ್ದಿ ಅಂದಾಜಿನ ಮೇಲೆ ಮಾಡಲು ಹೋಗಬೇಡಿ, ಗೆಡ್ಡೆಯ ಕಣ್ಣು ಬೆಂದು ಮೊಳಕೆಯೇ ಬರುವುದಿಲ್ಲ.

ಮ್ಯಾಂಕೊಜೆಬ್‌ನಲ್ಲಿ ಅದ್ದಿದ ದಿನವೇ ಟ್ರೈಕೋಡರ್ಮಾದಲ್ಲೂ ಅದ್ದುವವರಿದ್ದಾರೆ. ಎರಡೂ ಇರಲಿ ಅಂತ. ಮೊದಲನೆಯದು ಎರಡನೆಯದಕ್ಕೆ ಪೆಟ್ಟು ಕೊಡಬಹುದು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ?

ಟ್ರೈಕೋಡರ್ಮಾವೋ, ಔಷಧಿಯೋ?

ಇದರ ಬಗ್ಗೆ ನಮ್ಮಲ್ಲಿ ಜಗಳವೇ ನಡೆಯುತ್ತದೆ. ನನ್ನ ಮಟ್ಟಿಗೆ ಎರಡರ ಹೊತ್ತು ಬೇರೆ. ಟ್ರೈಕೋಡರ್ಮಾ ರೋಗ ಬರುವ ಮೊದಲಿನದು. ಬುಡದ ಸುತ್ತ ಅದು ಮೊದಲೇ ಮನೆ ಮಾಡಿಕೊಂಡಿದ್ದರೆ ಪಿಥಿಯಂಗೆ ಜಾಗ ಸಿಗುವುದಿಲ್ಲ. ಕೊಳೆ ಹತ್ತಿ ವಾಸನೆ ಬರುತ್ತಿರುವ ಮಡಿಗೆ ಅದನ್ನು ಹಾಕಿದರೆ ಮಳೆಗಾಲದ ಓಟಕ್ಕೆ ಸಾಟಿಯಾಗುವುದಿಲ್ಲ.

ಪ್ಯಾಕೆಟ್ ಪುಡಿಯನ್ನು ಹಾಗೇ ಎರಚುವುದಕ್ಕಿಂತ ಗೊಬ್ಬರದಲ್ಲಿ ಬೆಳೆಸಿ ಹಾಕಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ 1 ಕಿಲೋ. ನೆರಳಲ್ಲಿ ಕಲಸಿ, ಹಿಡಿದರೆ ಉಂಡೆ ಕಟ್ಟಬೇಕು, ನೀರು ಸೋರಬಾರದು, ಅಷ್ಟು ತೇವ. ಮೇಲೆ ಗೋಣಿಚೀಲ ಹೊದಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ. ಎರಡು ವಾರದಲ್ಲಿ ರಾಶಿಯ ಮೇಲೆ ಹಸಿರು ಹುಡಿ ಹಿಡಿದಂತೆ ಕಾಣುತ್ತದೆ. ಅದನ್ನು ನಾಟಿಯ ಗುಣಿಗೆ ಒಂದೊಂದು ಹಿಡಿ ಹಾಕಿ, ಮಣ್ಣು ಏರಿಸುವಾಗ ಮತ್ತೊಮ್ಮೆ. ಕೊಳ್ಳುವಾಗ ಪ್ಯಾಕೆಟ್ ಮೇಲಿನ ತಾರೀಖು ನೋಡಿ. ಅದು ಜೀವ ಇರುವ ವಸ್ತು, ಬಿಸಿಲಲ್ಲಿ ಕೂತ ಪ್ಯಾಕೆಟ್‌ನಲ್ಲಿ ಬರೀ ಪುಡಿ ಉಳಿದಿರುತ್ತದೆ.

ಔಷಧಿಗಳಲ್ಲಿ ಇನ್ನೊಂದು ಆಯ್ಕೆ. ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 2ರಿಂದ 2.5 ಗ್ರಾಂ: ಅಗ್ಗ, ಪಕ್ಕದ ಗಿಡಗಳಿಗೆ ರಕ್ಷಣೆ. ಆದರೆ ಗಿಡದ ಒಳಗೆ ಹೋಗುವುದಿಲ್ಲ. ಮೆಟಾಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಕೂಡಿದ ಪುಡಿ, ಲೀಟರಿಗೆ 1.25 ಗ್ರಾಂ: ದುಬಾರಿ, ಆದರೆ ಬೇರಿನ ಮೂಲಕ ಒಳಗೆ ಹೋಗುತ್ತದೆ. ಮೆತು ಕೊಳೆ ಶುರುವಿನಲ್ಲಿ ಸಿಕ್ಕಿಬಿದ್ದರೆ ಇದಕ್ಕೇ ಹಣ ಹಾಕಿ. ಅದೇ ಔಷಧಿಯನ್ನು ವರ್ಷ ವರ್ಷ ನಾಲ್ಕೈದು ಸಲ ಹಾಕುತ್ತಾ ಹೋದರೆ ಪಿಥಿಯಂ ಅದಕ್ಕೆ ಒಗ್ಗಿಹೋಗುತ್ತದೆ, ನೆನಪಿರಲಿ. ಯಾವುದೇ ಹುಯ್ದರೂ ಎಲೆ ಮೇಲೆ ಸಿಂಪಡಿಸಿ ಮುಗಿಸಬೇಡಿ. ನಾಲ್ಕು ಇಂಚು ಆಳದವರೆಗೆ ಮಡಿ ನೆನೆಯಬೇಕು. ರೋಗ ಬಂದ ಜಾಗದ ಸುತ್ತ ಹಸಿರಾಗಿರುವ ಗಿಡಗಳಿಗೂ ಹುಯ್ಯಬೇಕು.

ಕಾರ್ಬೆಂಡಜಿಮ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬಾವಿಸ್ಟಿನ್ ಅಂತ ಎಲ್ಲರ ಮನೆಯಲ್ಲೂ ಒಂದು ಪ್ಯಾಕೆಟ್ ಇರುತ್ತದೆ. ಒಣ ಕೊಳೆಯ ಫ್ಯುಸೇರಿಯಂಗೆ ಅದು ನಡೆಯುತ್ತದೆ. ಪಿಥಿಯಂಗೆ ನಡೆಯುವುದಿಲ್ಲ, ಅದರ ಮೈಯೇ ಬೇರೆ. ಮೆತು ಕೊಳೆಗೆ ಬಾವಿಸ್ಟಿನ್ ಹುಯ್ದು 'ಔಷಧಿ ಡೂಪ್ಲಿಕೇಟ್' ಅನ್ನುವವರು ಬಹಳ ಜನ. ಔಷಧಿ ಅಸಲಿಯೇ ಇರುತ್ತದೆ, ರೋಗ ಬೇರೆ.

ಬೋರ್ಡೋ ದ್ರಾವಣ ನಮ್ಮ ಮಲೆನಾಡಿನ ಹಳೆಯ ನಂಟ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಧ್ಯಯನ ಮಾಡಿ ಅದಕ್ಕೆ ಬೋರ್ಡೋ ಹೊಡೆಯುವುದನ್ನು ಇಲ್ಲಿ ಬೆಳೆಸಿದರು. ಅಡಿಕೆಯ ಕೊಳೆ ಮಾಡುವ ಫೈಟಾಫ್ತೊರಾ, ಶುಂಠಿಯ ಪಿಥಿಯಂ ಎರಡೂ ದಾಯಾದಿಗಳು. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಿ, ಕಬ್ಬಿಣದ ಪಾತ್ರೆ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಬಿಡುತ್ತಾ ತಿರುವಬೇಕು. ಆಮೇಲೆ ಒಂದು ಹೊಳೆಯುವ ಚಾಕು ಅಥವಾ ಕುಡುಗೋಲಿನ ಬಾಯಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತುಕ್ಕಿನ ಬಣ್ಣ ಹಿಡಿದರೆ ತುತ್ತ ಜಾಸ್ತಿಯಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಮಾಡಿದ ದಿನವೇ ಮುಗಿಸಬೇಕು. ಕೆಲಸ ಜಾಸ್ತಿ, ಖರ್ಚು ಕಡಿಮೆ. ಮನೆಯಲ್ಲಿ ಅಡಿಕೆ, ಕಾಳುಮೆಣಸು ಇದ್ದವರಿಗೆ ಹೇಗಿದ್ದರೂ ಮಾಡುವುದೇ. ಬರೀ ಶುಂಠಿ ಇದ್ದವರಿಗೆ ಕಾಪರ್ ಆಕ್ಸಿಕ್ಲೋರೈಡ್ ಸುಲಭ.

ತಾಮ್ರದ ಔಷಧಿ ಹುಯ್ದ ಮಡಿಗೆ ಟ್ರೈಕೋಡರ್ಮಾ ಹಾಕಬೇಕೆಂದರೆ ಎರಡು ವಾರವಾದರೂ ಬಿಡಿ.

ಮತ್ತೆ ದುಂಡಾಣು ಸೊರಗಿಗೆ ಏನು? ಮನಸ್ಸಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ: ಹೊಲದಲ್ಲಿ ಒಮ್ಮೆ ಹಬ್ಬಿದ ಮೇಲೆ ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಮಾಡಬಹುದಾದದ್ದು ತಡೆಯುವುದು. ಸೊರಗಿದ ಗಿಡವನ್ನು ಬುಡದ ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹೊಲದ ಹೊರಗೆ ಒಯ್ದು ಸುಡಿ. ಅದನ್ನು ಕಾಲುವೆಗೆ ಎಸೆದರೆ ಕೆಳಗಿನ ಹೊಲದವರಿಗೆ ರೋಗ ಕಳಿಸಿದ ಹಾಗೆ. ಆ ಮಡಿಯ ನೀರು ಬೇರೆ ಮಡಿಗೆ ಹರಿಯದ ಹಾಗೆ ಕಟ್ಟಿ. ಕಳೆ ತೆಗೆಯುವವರು ರೋಗದ ಕಡೆಯಿಂದ ಒಳ್ಳೆಯ ಕಡೆಗೆ ಬರಬಾರದು, ಒಳ್ಳೆಯ ಕಡೆ ಮುಗಿಸಿ ಕೊನೆಗೆ ಅಲ್ಲಿಗೆ ಹೋಗಲಿ. ಗುದ್ದಲಿ ತೊಳೆಯಿರಿ, ಚಪ್ಪಲಿ ತೊಳೆಯಿರಿ.

ಶುಂಠಿ ಬಿಟ್ಟು ಅರಿಶಿನ ಹಾಕಿದರೆ?

ಶುಂಠಿಯಲ್ಲಿ ಸೋತವರು ಕೇಳುವ ಮೊದಲ ಪ್ರಶ್ನೆ ಇದು. ನಿಮ್ಮ ಹೊಲದ್ದು ದುಂಡಾಣು ಸೊರಗು ಆಗಿದ್ದರೆ ಅರಿಶಿನ ಒಂದು ಮಟ್ಟಿಗೆ ಸರಿಯಾದ ಆಯ್ಕೆ, ಅದಕ್ಕೆ ಆ ಕಾಟ ಬಹಳ ಕಡಿಮೆ. ಮೆತು ಕೊಳೆ ಆಗಿದ್ದರೆ ಅದೇ ಹೊಲಕ್ಕೆ ಅರಿಶಿನ ಹಾಕಬೇಡಿ. ಪಿಥಿಯಂಗೆ ಎರಡೂ ಊಟವೇ. ರಾಗಿಗೋ ಜೋಳಕ್ಕೋ ಎರಡು ಮೂರು ವರ್ಷ ಬಿಟ್ಟುಕೊಡಿ.

ಇನ್ನೊಂದು ವ್ಯತ್ಯಾಸ ಕೊಯ್ಲಿನದು. ಅರಿಶಿನಕ್ಕೆ ಏಳರಿಂದ ಒಂಬತ್ತು ತಿಂಗಳು ಬೇಕು, ಆಮೇಲೆ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಯೇ ಮಾರಬೇಕು. ನಡುವೆ ರೋಗ ಬಂದರೆ ಬಿಡಿಸಿಕೊಳ್ಳಲು ದಾರಿ ಇಲ್ಲ. ಶುಂಠಿಯನ್ನು ಆರನೇ ತಿಂಗಳಲ್ಲಿ ಹಸಿಯಾಗಿಯೇ ಕಿತ್ತು ಮಾರಬಹುದು.

ಅದಕ್ಕೇ 'ಕಿತ್ತು ಮಾರು' ಅನ್ನುವ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡಕ್ಕೆ ಐದೂವರೆ ಆರು ತಿಂಗಳಾಗಿದೆ, ಲೋಟದಲ್ಲಿ ಬಿಳಿ ಎಳೆ ಬಂದಿದೆ, ಇನ್ನೂ ಮಳೆ ಇದೆ ಅಂದರೆ ನಾನು ಆ ವಾರವೇ ಕೀಳುತ್ತೇನೆ. ಬೆಲೆ ಕಡಿಮೆ ಇದ್ದರೂ ಸರಿ. ಅದೇ ಮೂರು ತಿಂಗಳ ಗಿಡ, ಮೆತು ಕೊಳೆ, ಎರಡು ಮೂರು ಮಡಿಯಲ್ಲಿ ಮಾತ್ರ ಅಂದರೆ ಔಷಧಿ ಹುಯ್ದು ಹೋರಾಡುತ್ತೇನೆ. ಬೆಲೆ ಬರಲಿ ಅಂತ ಶುಂಠಿಯನ್ನು ಮಣ್ಣಿನಲ್ಲೇ ಬಿಟ್ಟು ಮುಂದಿನ ವರ್ಷ 'ಹಳೇ ಶುಂಠಿ' ಮಾಡುವವರಿದ್ದಾರೆ. ಒಂದೂ ಗಿಡ ಕೊಳೆಯದ, ನೀರು ಬಸಿಯುವ ಹೊಲಕ್ಕೆ ಮಾತ್ರ ಆ ಧೈರ್ಯ ಇರಲಿ. ಮುಂದಿನ ಮುಂಗಾರಿನ ಮೊದಲ ನಾಲ್ಕು ಮಳೆಯಲ್ಲೇ ಉಳಿದ ರೋಗ ಎದ್ದು ನಿಲ್ಲುತ್ತದೆ.

ಕಾಳುಮೆಣಸು, ಏಲಕ್ಕಿಯ ಮಾತು ಚಿಕ್ಕದಾಗಿ. ಮೆಣಸಿನ ಬಳ್ಳಿ ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದು, ಬುಡ ಕೊಳೆತು ಎರಡು ಮೂರು ವಾರದಲ್ಲಿ ಒಣಗಿದರೆ ಅದು ಫೈಟಾಫ್ತೊರಾದ ಶೀಘ್ರ ಸೊರಗು. ಇದಕ್ಕೆ ಮುಂಗಾರಿಗೆ ಮೊದಲು ಒಮ್ಮೆ, ಆಗಸ್ಟ್ ಹೊತ್ತಿಗೆ ಇನ್ನೊಮ್ಮೆ ಬೋರ್ಡೋ ಸಿಂಪಡಣೆ, ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ನಿಧಾನವಾಗಿ ಹಳದಿಯಾಗಿ, ಮಳೆ ಬಂದಾಗ ಸ್ವಲ್ಪ ಚೇತರಿಸಿಕೊಂಡು ಮತ್ತೆ ಸೊರಗಿದರೆ ಅದು ಜಂತುಹುಳು. ಅದಕ್ಕೆ ತಾಮ್ರ ಹುಯ್ದು ಫಲವಿಲ್ಲ, ಬೇವಿನ ಹಿಂಡಿ, ಟ್ರೈಕೋಡರ್ಮಾ ಕಡೆ ಹೋಗಿ. ಹೊಸ ಬಳ್ಳಿ ಹಾಕುವುದಿದ್ದರೆ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಐಐಎಸ್‌ಆರ್ ಶಕ್ತಿ, ಐಐಎಸ್‌ಆರ್ ತೇವಂ ತಳಿಗಳಿಗೆ ಫೈಟಾಫ್ತೊರಾ ತಡೆಯುವ ಗುಣ ಸ್ವಲ್ಪ ಇದೆ. ಏಲಕ್ಕಿಯಲ್ಲಿ ಕೊಳೆ ಬೇರೆ, ಕಟ್ಟೆ ರೋಗ ಬೇರೆ. ಕಟ್ಟೆ ವೈರಸ್‌ನಿಂದ ಬರುವುದು, ಮಣ್ಣಿಗೆ ಏನು ಹುಯ್ದರೂ ಹೋಗುವುದಿಲ್ಲ, ಗಿಡ ಕೀಳಲೇಬೇಕು.

ಲೋಟದ ಪರೀಕ್ಷೆ ಮಾಡಿಯೂ ಅನುಮಾನ ಉಳಿದರೆ ಗಿಡವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಹಾಸನದವರಿಗೆ ಕಂದಲಿ, ಕಾರೇಕೆರೆಯ ಕೃಷಿ ಕಾಲೇಜು ಇದೆ. ಚಿಕ್ಕಮಗಳೂರಿನವರಿಗೆ ಮೂಡಿಗೆರೆ. ಫೋಟೋ ಕಳಿಸಿದರೆ ಸಾಲದು. ಪೂರ್ತಿ ಸತ್ತ ಗಿಡವನ್ನೂ ಒಯ್ಯಬೇಡಿ, ಅದರಲ್ಲಿ ಆಗಲೇ ಹತ್ತು ಬಗೆಯ ಹುಳ ಹುಪ್ಪಟೆ ಸೇರಿರುತ್ತವೆ. ಅರ್ಧ ಬಾಡಿದ ಎರಡು ಗಿಡ, ಪಕ್ಕದ ಹಸಿರು ಗಿಡ ಒಂದು, ಗೆಡ್ಡೆ ಬೇರು ಮಣ್ಣಿನ ಸಮೇತ, ತೊಳೆಯದೆ, ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಒಂದು ಚೀಟಿಯಲ್ಲಿ ಹಿಂದಿನ ಮೂರು ವರ್ಷದ ಬೆಳೆ, ಬೀಜ ಎಲ್ಲಿಯದು, ಇದುವರೆಗೆ ಏನೇನು ಹುಯ್ದಿದ್ದೀರಿ ಅಂತ ಬರೆದು ಜೊತೆಗಿಡಿ. ಬೆಳಗ್ಗೆ ಕಿತ್ತು ಅವತ್ತೇ ತಲುಪಿಸಿ.